ಒಳಬಳೆ

ಆ ಹೊತ್ತಿಗೆ ಬ್ಯಾಡಗಿಗೆ ಚಾಲಕನಿಲ್ಲದ ಬಸ್ಸು ಬಂದಿತ್ತು. ಮೆಣಸಿನಕಾಯಿಯ ಬಣ್ಣವನ್ನು ಮನುಷ್ಯರ ಕಣ್ಣಿಗಿಂತ ಚೆನ್ನಾಗಿ ಅಳೆಯುವ ಯಂತ್ರ ಬಂದಿತ್ತು. ತೊಟ್ಟು ಬಿಡಿಸುವ ಯಂತ್ರವೂ ಬಂದು, ಕಾಯಿಯನ್ನೇ ಸೀಳಿಹಾಕುತ್ತದೆಂದು ಬೈಸಿಕೊಂಡು ಮೂಲೆ ಸೇರಿತ್ತು. ಹೀಗಾಗಿ ಒಳ್ಳೆಯ ಮಾಲಿನ ತೊಟ್ಟು ಬಿಡಿಸುವ ಕೆಲಸ ಮಾತ್ರ ಹೆಂಗಸರ ಬೆರಳುಗಳಲ್ಲೇ ಉಳಿದಿತ್ತು. ತಗಡಿನ ಗೋದಾಮುಗಳಲ್ಲಿ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಕೆಂಪು ರಾಶಿಯ ಸುತ್ತ ಕೂತು, ದಿನಕ್ಕೆ ಒಂಬತ್ತು ಗಂಟೆ ಅವರು ಸೀನುತ್ತಿದ್ದರು, ಕೆಮ್ಮುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷ ಹೀಗೆ ಕೆಮ್ಮಿದ ಹೆಂಗಸಿನ ಮೈಯೊಳಗೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಕೇಳಿದವಳು ಮಂದಾಕಿನಿ. ಹುಬ್ಬಳ್ಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳು ಫಿಸಿಯೋಥೆರಪಿಸ್ಟ್. ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಗೋದಾಮಿನ ಹಿಂದಿನ ಕೋಣೆಯಲ್ಲಿ ನಲವತ್ತು ಹೆಂಗಸರನ್ನು ಕೂಡಿಸಿ, ಬಾಗಿಲು ಮುಂದೆ ಮಾಡಿ, ನೇರವಾಗಿಯೇ ಕೇಳಿದಳು. "ಕೆಮ್ಮಿದಾಗ, ಸೀನಿದಾಗ, ಚೀಲ ಎತ್ತಿದಾಗ ಯಾರ್‍ಯಾರಿಗೆ ಗೊತ್ತಿಲ್ದಂಗ ಒಂದಕ್ಕ ಹೋಗ್ತೈತಿ?"

ಎಲ್ಲರೂ ನೆಲ ನೋಡಿದರು. ಒಬ್ಬಳು ಬಳೆ ತಿರುವಿಕೊಂಡಳು. ಆಗ ಗೋಡೆಗೆ ಒರಗಿ ನಿಂತಿದ್ದ ಫಕ್ಕೀರವ್ವ ಬಾಯಿಗೆ ಕಟ್ಟಿದ ಸೆರಗು ಬಿಚ್ಚಿದಳು. ಐವತ್ತೆರಡು ವಯಸ್ಸು, ನಾಲ್ಕು ಹೆರಿಗೆ, ಮೂವತ್ತು ವರ್ಷ ತೊಟ್ಟು ಬಿಡಿಸಿದ ಕೈ.

"ನಾ ಹೇಳ್ತೀನ್ರಿ ಬಾಯಾರ. ನಾ ಒಮ್ಮಿ ಸೀನಿದ್ರ ನನ್ನ ಮೂಗಿಗಿಂತ ನನ್ನ ಸೀರೀನ ಮೊದ್ಲ ತೋಯ್ತೈತಿ."

ಕೋಣೆ ತುಂಬ ನಗು ಎದ್ದಿತು. ಆ ನಗುವಿನ ಮರೆಯಲ್ಲಿ ಒಂದೊಂದಾಗಿ ಕೈಗಳು ಮೇಲೆದ್ದವು. ಮಂದಾಕಿನಿ ಎಣಿಸಿದಳು, ಮೂವತ್ತೊಂದು.

ಫಕ್ಕೀರವ್ವ ಆರು ವರ್ಷದಿಂದ ಬಸ್ಸಿನಲ್ಲಿ ಸೀಟಿದ್ದರೂ ಕೂಡುತ್ತಿರಲಿಲ್ಲ. ಎಷ್ಟೇ ದೂರವಿರಲಿ, ಕಂಬ ಹಿಡಿದು ನಿಲ್ಲುತ್ತಿದ್ದಳು. ಮೊಮ್ಮಗನಿಗೆ ಹೆಸರಿಡುವ ದಿನ ಎಲ್ಲರೂ ಜಮಖಾನೆಯ ಮೇಲಿದ್ದರೆ ಅವಳು ಹಿತ್ತಲ ಬಾಗಿಲ ಕಲ್ಲಿನ ಮೇಲಿದ್ದಳು. ಇದನ್ನೆಲ್ಲ ಅವಳು ಆಮೇಲೆ, ಉಳಿದವರು ಹೋದ ಮೇಲೆ ಹೇಳಿದಳು. ಆಗ ನಗಲಿಲ್ಲ.

*

ಕೇಂದ್ರ ತಯಾರಿಸಿದ ಉಪಕರಣಕ್ಕೆ ಕಾಗದದಲ್ಲಿ ಬೇರೆ ಹೆಸರಿತ್ತು. ಹೆಂಗಸರು ಅದನ್ನು 'ಒಳಬಳಿ' ಎಂದರು. ಮೆತ್ತನೆಯ ರಬ್ಬರಿನಂಥ ಪುಟ್ಟ ಬಳೆ, ಮೈಯೊಳಗೆ ಧರಿಸುವಂಥದ್ದು. ಅದರ ಸುತ್ತ ಎಂಟು ಕಡೆ ಒತ್ತಡ ಅಳೆಯುವ ಚುಕ್ಕೆಗಳು.

"ಸೊಂಟದ ಎಲುಬಿನ ತಳಕ್ಕ ಜೋಳಿಗಿ ಕಟ್ಟಿದಂಗ ಒಂದು ಮಾಂಸದ ಹಾಸು ಐತಿ," ಎಂದು ಮಂದಾಕಿನಿ ತನ್ನ ದುಪಟ್ಟಾವನ್ನು ಇಬ್ಬರ ಕೈಗೆ ಕೊಟ್ಟು ತೂಗುಹಾಕಿ ತೋರಿಸಿದ್ದಳು. "ಉಚ್ಚಿ ಚೀಲ, ಗರ್ಭಕೋಶ, ಕರುಳು ಎಲ್ಲಾ ಇದರ ಮ್ಯಾಲ ಕುಂತಾವ. ಹೆರಿಗಿ ಆದಾಗ, ವರ್ಷಗಟ್ಲೆ ಕೆಮ್ಮಿದಾಗ ಇದು ಜೋತು ಬೀಳ್ತೈತಿ. ತೋಳಿನ ಮಾಂಸ ಗಟ್ಟಿ ಮಾಡಿದಂಗ ಇದನ್ನೂ ಗಟ್ಟಿ ಮಾಡಬೇಕು. ಹೊಟ್ಟಿ ಬಿಗೀಬಾರದು, ಉಸಿರು ಹಿಡೀಬಾರದು. ಕೆಳಗಿನಿಂದ ಮ್ಯಾಲಕ್ಕ, ಒಳಗ ಎಳಕೋಬೇಕು. ಹತ್ತು ಎಣಿಸೂತನಕ ಹಿಡಿದು, ಹತ್ತು ಎಣಿಸೂತನಕ ಬಿಡಬೇಕು. ಹತ್ತು ಸಲ ಮಾಡಿದ್ರ ಒಂದು ಸರತಿ. ದಿನಕ್ಕ ಮೂರು ಸರತಿ."

ಸರಿಯಾಗಿ ಎಳೆದುಕೊಂಡರೆ ಬಳೆ ಒಳಗಿಂದಲೇ ಸಣ್ಣಗೆ ಗುಂಯ್‍ಗುಡುತ್ತಿತ್ತು. ತಪ್ಪಿದರೆ ಸುಮ್ಮನಿರುತ್ತಿತ್ತು. ಅದರ ದೊಡ್ಡ ಚಮತ್ಕಾರ ಇನ್ನೊಂದಿತ್ತು. ಸೀನು ಬರುವ ಮುನ್ನ ಮನುಷ್ಯರು ಒಳಗೆಳೆಯುವ ಉಸಿರನ್ನು ಅದು ಗುರುತಿಸಿ, ಅರ್ಧ ಸೆಕೆಂಡು ಮೊದಲೇ 'ಈಗ ಬಿಗಿ' ಎಂದು ಮಿಡಿಯುತ್ತಿತ್ತು. ಮೈ ಆ ಪಾಠವನ್ನು ಕಲಿತುಬಿಟ್ಟರೆ ಬಳೆಯೇ ಬೇಡ.

ಫಕ್ಕೀರವ್ವ ಎಲ್ಲರಿಗಿಂತ ಮೊದಲು ಕಲಿತಳು. ಕಲಿತವಳು ಸುಮ್ಮನಿರಲಿಲ್ಲ. ರಾಶಿಯ ಸುತ್ತ ಕೂತಾಗ "ಹ್ಞಾ, ಎಳಕೋರ್‍ರಿ... ಬಿಡ್ರಿ" ಎಂದು ಗುನುಗುವಳು. ಉಳಿದವರು ತೊಟ್ಟು ಬಿಡಿಸುತ್ತಲೇ ಎಳೆದುಕೊಳ್ಳುವರು. ಗೋದಾಮಿನ ಮಾಲೀಕನಿಗೆ ಕಾಣುತ್ತಿದ್ದದ್ದು ಓಡುವ ಬೆರಳುಗಳು ಮಾತ್ರ. ಯಾರಾದರೂ ಉದಾಸೀನ ಮಾಡಿದರೆ ಫಕ್ಕೀರವ್ವನೇ ಗದರುವಳು. "ಏ ಗುರುಸಿದ್ದವ್ವ, ಮೈಗಳ್ಳತನ ಮಾಡಬ್ಯಾಡ. ಸೀರಿ ತೋಯ್ಸಿಕೊಂಡ ಸಾಯ್ತೀ ಏನು?"

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಬ್ಯಾಡಗಿಯ ಬೇರೆ ಬೇರೆ ಗೋದಾಮುಗಳ ಇನ್ನೂರ ಹದಿನಾಲ್ಕು ಹೆಂಗಸರು ಇನ್ನೂರ ಹದಿನಾಲ್ಕು ಹಸಿರು ಗೆರೆಗಳಾಗಿ ಹರಿಯುತ್ತಿದ್ದರು. ಫಕ್ಕೀರವ್ವನ ಗೆರೆ ವಾರವಾರಕ್ಕೂ ಏರಿತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೇಂದ್ರದ ಕಾವಲುಗಾರ ಬಂದು, "ಮೇಡಂ, ಯಾರೋ ಅಜ್ಜಿ ಬಂದಾಳ್ರಿ" ಎಂದ. ಹೊರಗೆ ಫಕ್ಕೀರವ್ವ ಇಳಕಲ್ ಸೀರೆ ಉಟ್ಟು, ಬುತ್ತಿಯ ಗಂಟು ಹಿಡಿದು ನಿಂತಿದ್ದಳು.

"ಕುಂತ ಬಂದ್ನಿರಿ ಬಾಯಾರ," ಎಂದಳು. ಮಂದಾಕಿನಿಗೆ ಅರ್ಥವಾಗಲಿಲ್ಲ. "ಬಸ್ಸಿನ್ಯಾಗ ಬ್ಯಾಡಗಿಯಿಂದ ಇಲ್ಲೀತನಕ ಕಿಡಕಿ ಸೀಟಿನ ಮ್ಯಾಲ ಕುಂತ ಬಂದ್ನಿ. ಎದ್ದ ತಿರುಗಿ ನೋಡೀನಿ. ಸೀಟು ಒಣಾ ಇತ್ರಿ."

ಗಂಟಿನಲ್ಲಿ ಶೇಂಗಾ ಹೋಳಿಗೆ ಇದ್ದವು. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು.

*

ಮೇ ತಿಂಗಳ ಕೊನೆಯಲ್ಲಿ ಗೆರೆ ಇಳಿಯತೊಡಗಿತು.

ಮೊದಲ ವಾರ ಮಂದಾಕಿನಿ ಗಮನಿಸಲಿಲ್ಲ. ಎರಡನೆಯ ವಾರ ಗೆರೆ ಹಳದಿಯಾಗಿ, ಅದರ ಪಕ್ಕದಲ್ಲಿ ಯಂತ್ರ 'ಅಭ್ಯಾಸ ಸಾಲದು' ಎಂದು ಬರೆಯಿತು. ಮೂರನೆಯ ವಾರ ಕೆಂಪಾಯಿತು. ಹೀಗಾದಾಗ ಫೋನು ಮಾಡಿ ಎಚ್ಚರಿಸಬೇಕೆಂಬುದು ನಿಯಮ. ಹಳದಿಯಾದಂದಿನಿಂದ ಆರು ವಾರ ಗೆರೆ ಏಳದಿದ್ದರೆ ಬಳೆ ಹಿಂದಕ್ಕೆ ಪಡೆದು, ಸಾಲಿನಲ್ಲಿ ಕಾಯುತ್ತಿರುವ ಇನ್ನೊಬ್ಬಳಿಗೆ ಹೊಸ ಹೊದಿಕೆ ಹಾಕಿ ಕೊಡಬೇಕು. ಕಾಯುತ್ತಿದ್ದವರು ಒಂಬೈನೂರು ಜನ. ನಿಯಮ ಮಾಡಿದ ಸಭೆಯಲ್ಲಿ ಮಂದಾಕಿನಿಯೂ ಇದ್ದಳು, ನ್ಯಾಯವಾಗಿದೆ ಎಂದು ಕೈ ಎತ್ತಿದ್ದಳು.

"ಫಕ್ಕೀರವ್ವಾರ, ಮಾಡಾಕತ್ತಿಲ್ಲೇನು?" ಎಂದು ಫೋನಿನಲ್ಲಿ ಕೇಳಿದಳು.

"ಮಾಡಾಕತ್ತೀನ್ರಿ. ಬಳಿ ಮಾತಾಡೂದ ಬಿಟ್ಟೈತ್ರಿ. ಗುಂಯ್ ಅನ್ನವಲ್ದು."

ಮಂದಾಕಿನಿ ತನ್ನ ಪರದೆಯಲ್ಲಿ ಪರೀಕ್ಷಿಸಿದಳು. ಬಳೆಯ ಪುಟ್ಟ ಮೋಟಾರು ಸರಿಯಾಗಿತ್ತು. ಇಲ್ಲಿಂದಲೇ ಗುಂಡಿ ಒತ್ತಿ ಗುಂಯ್‍ಗುಡಿಸಿದಳು. "ಈಗ ಗೊತ್ತಾತೇನು?"

"ಇಲ್ರಿ."

"ಈಗ?"

"ಇಲ್ಲವ್ವಾ." ಫಕ್ಕೀರವ್ವ ಮಾತು ಮುಂದುವರಿಸಿದಳು. "ಬಾಯಾರ, ಎಡಗಾಲು ಸ್ವಲ್ಪ ಜೋಮು ಹಿಡಿದಂಗ ಇರ್ತೈತಿ. ಮೊನ್ನೆ ಚಪ್ಪಲಿ ಕಾಲಾಗಿಂದ ಜಾರಿ ಬಿದ್ದಿದ್ದು ನನಗ ಗೊತ್ತ ಆಗಿಲ್ಲ. ಬರೇಗಾಲಿಲೆ ಮನೀಗೆ ಹೋಗೀನಿ."

ಆ ಹೊತ್ತಿಗೆ ಮಂದಾಕಿನಿಯ ಮೇಜಿನ ಮೇಲೆ ಮರುದಿನದ ವರದಿ ಅರ್ಧ ಬರೆದು ಬಿದ್ದಿತ್ತು. ಇನ್ನೂ ಹದಿನೇಳು ಜನಕ್ಕೆ ಫೋನು ಮಾಡುವುದಿತ್ತು. "ದಿನಾ ಕಾಲು ಮಡಚಿ ಕೂಡ್ತೀರಲ್ಲ, ಅದಕ್ಕ ಜೋಮು. ನಡುನಡುವ ಎದ್ದು ಅಡ್ಡಾಡ್ರಿ," ಎಂದಳು. "ಅಭ್ಯಾಸ ಬಿಡಬ್ಯಾಡ್ರಿ. ಮನಸ್ಸಿಟ್ಟು ಮಾಡ್ರಿ. ನಿಮ್ಮನ್ನ ನೋಡಿ ಉಳಿದವರು ಕಲೀತಾರ."

"ಮಾಡ್ತೀನ್ರಿ," ಎಂದಳು ಫಕ್ಕೀರವ್ವ.

ಗೆರೆ ಏಳಲಿಲ್ಲ. ಜುಲೈ ಹದಿನಾರರ ಮಂಗಳವಾರ ಮಂದಾಕಿನಿ ಬ್ಯಾಡಗಿಗೆ ಹೋದಳು. ಬಳೆ ಒಪ್ಪಿಸಬೇಕೆಂದು ಹಿಂದಿನ ದಿನವೇ ತಿಳಿಸಿದ್ದಳು. ಗೋದಾಮಿನ ಹೆಂಗಸರಿಗೆಲ್ಲ ಸುದ್ದಿ ಗೊತ್ತಾಗಿತ್ತು. ಫಕ್ಕೀರವ್ವ ಬಳೆಯನ್ನು ಬಿಸಿನೀರಿನಲ್ಲಿ ಕುದಿಸಿ, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಎರಡೂ ಕೈಯಿಂದ ಕೊಟ್ಟಳು.

"ಸಿಟ್ಟಾಗಬ್ಯಾಡ್ರಿ ಬಾಯಾರ. ನಾ ಮಾಡೀನ್ರಿ."

"ಇರಲಿ ಬಿಡ್ರಿ. ಮುಂದಿನ ಸಲ ನೋಡೋಣು," ಎಂದಳು ಮಂದಾಕಿನಿ. ಆ ಮಾತಿನಲ್ಲಿ ಕ್ಷಮಿಸಿದ ಧಾಟಿ ಇತ್ತು. ರಾಶಿಯ ಆಚೆಯಿಂದ ಗುರುಸಿದ್ದವ್ವ ಯಾರಿಗೋ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ನಮಗ ಬೈದು ಬೈದು ಕಲಿಸಿದಾಕಿ. ಈಗ ತಾನ ಮೈಗಳ್ಳಿ ಆದ್ಲು ನೋಡ."

ಫಕ್ಕೀರವ್ವ ತನ್ನ ಜಾಗಕ್ಕೆ ಹೋಗಿ ಕೂತಳು. ಕೂಡುವಾಗ ಗೋಡೆ ಹಿಡಿದುಕೊಂಡಳು. ಅದನ್ನು ಮಂದಾಕಿನಿ ನೋಡಿದಳು. ನೋಡಿದ್ದು ನೆನಪಾದದ್ದು ಮಾತ್ರ ಒಂದು ತಿಂಗಳ ಮೇಲೆ.

*

ಆಗಸ್ಟಿನಲ್ಲಿ ಫಕ್ಕೀರವ್ವನ ಮಗಳು ಶಾವಂತ್ರಿ ಫೋನು ಮಾಡಿದಳು. "ಅವ್ವಗ ಕಾಲ ಎತ್ತಿ ಇಡಾಕ ಬರವಲ್ದ್ರಿ. ಕೆಳಗಿಂದು ಏನೂ ಗೊತ್ತಾಗವಲ್ದು. ಎಲ್ಲಾ ಹಾಸಿಗ್ಯಾಗ ಆಗಾಕತ್ತೈತಿ. ಯಾರ ಕಡೆ ಕರಕೊಂಡ ಹೋಗಬೇಕ್ರಿ ಅಕ್ಕಾರ?"

ಮಂದಾಕಿನಿ ಕುರ್ಚಿಯಿಂದ ಎದ್ದು ನಿಂತಳು. ಜೋಮು ಹಿಡಿದ ಎಡಗಾಲು, ಗೊತ್ತಾಗದೆ ಜಾರಿದ ಚಪ್ಪಲಿ, ಒಳಗಿನ ಮಿಡಿತ ತಿಳಿಯದ ಮೈ. ಬೆನ್ನುಹುರಿಯ ತುದಿಯಲ್ಲಿ ನರಗಳ ಗೊಂಚಲನ್ನು ಏನೋ ಅದುಮುತ್ತಿದೆ ಎಂಬುದಕ್ಕೆ ಇವೇ ಲಕ್ಷಣಗಳು. ಕಾಲೇಜಿನ ಎರಡನೆಯ ವರ್ಷದಲ್ಲಿ ಅವಳು ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಳು. ಕಂಡ ದಿನವೇ ಆಸ್ಪತ್ರೆಗೆ ಕಳಿಸಬೇಕು ಎಂದು ಕೆಳಗೆ ಗೆರೆಯನ್ನೂ ಎಳೆದಿದ್ದಳು.

ಅಂದೇ ಆಂಬುಲೆನ್ಸ್ ಕಳಿಸಿ ಫಕ್ಕೀರವ್ವನನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸೇರಿಸಿದರು. ಸೊಂಟದ ಮಟ್ಟದಲ್ಲಿ ಬೆನ್ನೆಲುಬಿನೊಳಗೆ ಗಡ್ಡೆ ಇತ್ತು. ಎಲುಬಿಗೆ, ಪುಪ್ಪುಸಕ್ಕೆ ಹರಡಿತ್ತು. ಎರಡು ತಿಂಗಳು ಮೊದಲೇ ಬಂದಿದ್ದರೆ ಎಂದು ಶಸ್ತ್ರಚಿಕಿತ್ಸೆಯ ವೈದ್ಯರು ಮಾತು ಶುರು ಮಾಡಿ, ಶಾವಂತ್ರಿಯ ಮುಖ ನೋಡಿ ನಿಲ್ಲಿಸಿದರು.

ಮರುದಿನ ಮಧ್ಯಾಹ್ನ ಮಂದಾಕಿನಿ ಫಕ್ಕೀರವ್ವನ ಬಳೆಯ ಮೂಲ ದಾಖಲೆಯನ್ನು ತೆರೆದಳು. ಅಲ್ಲಿಯವರೆಗೆ ಅದನ್ನು ಯಾರೂ ತೆರೆದಿರಲಿಲ್ಲ. ಗೋಡೆಯ ಮೇಲೆ ಕಾಣುತ್ತಿದ್ದದ್ದು ಎಂಟು ಚುಕ್ಕೆಗಳ ಸರಾಸರಿ, ಒಂದೇ ಗೆರೆ. ಈಗ ಎಂಟನ್ನೂ ಬೇರೆ ಬೇರೆ ಬಿಡಿಸಿದಳು. ಅಭ್ಯಾಸ ಬಿಟ್ಟ ಸ್ನಾಯು ಸುತ್ತಲೂ ಒಂದೇ ಸಮ ಸೊರಗುತ್ತದೆ. ಇಲ್ಲಿ ಹಾಗಿರಲಿಲ್ಲ. ಮೇ ಇಪ್ಪತ್ತಾರಕ್ಕೆ ಎಡಗಡೆಯ ನಾಲ್ಕು ಗೆರೆಗಳು ಮಲಗಿದ್ದವು. ಬಲಗಡೆಯ ನಾಲ್ಕು ಇನ್ನೂ ಹದಿನೆಂಟು ದಿನ ಒಂಟಿಯಾಗಿ ಎತ್ತಿ ಹಿಡಿದು, ಆಮೇಲೆ ಒಂದೊಂದೇ ಇಳಿದಿದ್ದವು. ಎಳೆಯ ಮಗುವಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಅದರ ಕೆಳಗೆ ಇನ್ನೊಂದು ದಾಖಲೆ ಇತ್ತು. ಸ್ನಾಯು ಓಗೊಡದಿದ್ದರೂ ಎಳೆದುಕೊಳ್ಳಲು ಹೊರಟ ಹೆಂಗಸಿನ ಉಸಿರು ಒಂದು ಗುರುತು ಬಿಡುತ್ತದೆ. ಹತ್ತು ಎಣಿಕೆ ಹಿಡಿದು, ಹತ್ತು ಎಣಿಕೆ ಬಿಟ್ಟ ಗುರುತು. ಯಂತ್ರ ಅದನ್ನು ಬರೆದುಕೊಂಡಿತ್ತು, ಆದರೆ ಗೆದ್ದ ಪ್ರಯತ್ನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಮಂದಾಕಿನಿ ಸೋತವನ್ನು ಎಣಿಸಿದಳು. ಫಕ್ಕೀರವ್ವ ದಿನಕ್ಕೆ ಮೂರು ಸರತಿ ಮಾಡಿರಲಿಲ್ಲ. ಆರು ಮಾಡಿದ್ದಳು. ಗದರಿಸಿದ ಫೋನಿನ ಮರುದಿನದಿಂದ ಒಂಬತ್ತು, ಹತ್ತು. ಕೆಲವು ದಿನ ಹನ್ನೊಂದು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಇನಾಮದಾರ್. ಕೆಟ್ಟ ಮನುಷ್ಯರಲ್ಲ. ಎಂಟು ಗೆರೆಗಳನ್ನು ನೋಡಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಎಂಟನ್ನೂ ಬೇರೆ ಬೇರೆ ತೋರಿಸುವಂತೆ ಯಂತ್ರವನ್ನು ತಿದ್ದಲು ಎಂಜಿನಿಯರುಗಳಿಗೆ ಅರ್ಧ ದಿನ ಸಾಕಾಯಿತು. "ಆದ್ರ ಹೊರಗ ಹೇಳೂದು ಈಗ ಬ್ಯಾಡ ಮಂದಾಕಿನಿ," ಎಂದರು. "ಕಮಿಟಿ ಕೂಡಲಿ. ಹದಿನೈದು ದಿನ. ಇಲ್ಲಾಂದ್ರ ಹೆದರಿ ಎಲ್ಲಾರೂ ಬಳಿ ತಗದು ಒಗೀತಾರ."

ಸಂಜೆ ಮನೆಯಲ್ಲಿ ಮಂದಾಕಿನಿ ತಟ್ಟೆ ಮುಟ್ಟದೆ ನಡೆದದ್ದನ್ನು ಹೇಳಿದಳು. ಅವಳ ತಾಯಿ, ಪ್ರೈಮರಿ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿದವರು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು.

"ಆ ಹೆಣ್ಮಗಳಿಗೆ ಹೇಳಿದ್ಯಾ?"

"ಇನ್ನೂ ಇಲ್ಲವ್ವ. ಹದಿನೈದು ದಿನ..."

"ಹದಿನೈದು ದಿನ ಅಕಿ ಹಂತೇಕ ಅದಾವೇನು?" ಎಂದರು ತಾಯಿ.

*

ಆಸ್ಪತ್ರೆಯವರು ಒಂದು ವಾರ ಇಟ್ಟುಕೊಂಡು, ಇನ್ನು ಮಾಡುವುದೇನೂ ಇಲ್ಲವೆಂದು ಫಕ್ಕೀರವ್ವನನ್ನು ಮನೆಗೆ ಕಳಿಸಿದ್ದರು. ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಶಾವಂತ್ರಿ ತಾಯಿಯ ಬಟ್ಟೆ ಬದಲಿಸಿ, ಒದ್ದೆಯಾದದ್ದನ್ನು ಹಿತ್ತಲಿಗೆ ಒಯ್ದಳು. ಫಕ್ಕೀರವ್ವ ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದಳು.

ಮಂದಾಕಿನಿ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಎಂಟು ಗೆರೆ, ಎಡಗಡೆಯ ನಾಲ್ಕು, ಚಪ್ಪಲಿಯ ಮಾತು. "ನೀವು ಹೇಳಿದ್ರಿ. ನಾನು ಕೇಳಲಿಲ್ಲ. ತಪ್ಪು ನನ್ನದು ಫಕ್ಕೀರವ್ವಾರ."

ಫಕ್ಕೀರವ್ವ ಗೋಡೆಯ ಕಡೆಯೇ ಮುಖವಿಟ್ಟು, "ಆಗ ಗೊತ್ತಾಗಿದ್ರ ಬದುಕ್ತಿದ್ದೆನೇನ್ರಿ?" ಎಂದಳು.

"ನಡೀತಿದ್ರಿ. ಬದುಕಿದ್ರೂ ಬದುಕ್ತಿದ್ರಿ. ಖರೇ ಹೇಳಬೇಕಂದ್ರ ಗೊತ್ತಿಲ್ಲ."

"ಹ್ಞೂಂ," ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಮಂದಾಕಿನಿಯ ಕೈ ಹಿಡಿಯಲೂ ಇಲ್ಲ. ಕೊನೆಗೆ ಮುಖವನ್ನಷ್ಟೇ ಈಚೆ ಹೊರಳಿಸಿದಳು. "ನಾ ಮಾಡೀನಿ ಅಂತ ಅದರಾಗ ಬರದೈತೇನು?"

"ಬರದೈತ್ರಿ. ಒಂದೂ ಬಿಡದಂಗ."

"ಹಂಗಾರ ಗೋದಾಮಿನ್ಯಾಗ ಹೋಗಿ ಹೇಳ್ರಿ. ಮೈಗಳ್ಳಿ ಅಂದಾರ ನನಗ. ಮೂವತ್ತ ವರ್ಷದಾಗ ಯಾರ ಬಾಯಿಲೂ ಅನ್ನಿಸಿಕೊಂಡಿದ್ದಿಲ್ಲ. ನೋಡಾಕೂ ಯಾರೂ ಬಂದಿಲ್ಲ. ಅವರ ಮುಂದ ಹೇಳ್ರಿ. ನಾ ಇರೂವಾಗ ಹೇಳ್ರಿ."

"ಹೇಳ್ತೀನಿ," ಎಂದು ಮಂದಾಕಿನಿ ಮಾತು ಕೊಟ್ಟಳು.

ಮರುದಿನ ಇನಾಮದಾರ್ ಅವರ ಅನುಮತಿ ಕೇಳಿದಳು. ಅವರು ಕಮಿಟಿಯ ದಿನಾಂಕ ತೋರಿಸಿದರು. ಇನ್ನೊಂದೇ ವಾರ, ಈಗ ಅವಸರ ಮಾಡಿದರೆ ಇಡೀ ಯೋಜನೆಯೇ ನಿಂತುಹೋಗುತ್ತದೆ, ಕಾಯುತ್ತಿರುವ ಒಂಬೈನೂರು ಹೆಂಗಸರ ಗತಿ ಏನು ಎಂದರು. ಮಾತಿನಲ್ಲಿ ಸುಳ್ಳಿರಲಿಲ್ಲ. ಮಂದಾಕಿನಿ ಕಾದಳು. ಕಾಯುವಾಗ ಅದು ವಿವೇಕವೆಂದೇ ಅನಿಸಿತ್ತು. ಐದನೆಯ ದಿನ ಶಾವಂತ್ರಿಯ ಫೋನು ಬಂತು. ಅವ್ವ ಬೆಳಗಿನ ಜಾವ ಹೋದಳೆಂದಳು.

*

ಮಣ್ಣು ಕೊಟ್ಟ ಮರುದಿನ ಮಂದಾಕಿನಿ ಯಾರನ್ನೂ ಕೇಳದೆ ಬ್ಯಾಡಗಿಯ ಬಸ್ಸು ಹತ್ತಿದಳು. ಗೋದಾಮಿನಲ್ಲಿ ಎಂದಿನಂತೆ ಕೆಂಪು ರಾಶಿ, ಎಂದಿನಂತೆ ಕೆಮ್ಮು. ಅವಳು ರಾಶಿಯ ಪಕ್ಕ ನಿಂತು, ಫಕ್ಕೀರವ್ವನಿಗೆ ಏನಾಗಿತ್ತು, ತಾನು ಏನು ತಪ್ಪು ಮಾಡಿದೆ ಎಂಬುದನ್ನು ಮುಚ್ಚಿಡದೆ ಹೇಳಿದಳು.

"ಈಗ ಬಂದ ಹೇಳ್ತೀರಿ," ಎಂದಳು ಗುರುಸಿದ್ದವ್ವ.

"ಹೌದು. ಈಗ ಬಂದು ಹೇಳಾಕತ್ತೀನಿ. ಅವರು ಇದ್ದಾಗ ಬರಬೇಕಿತ್ತು." ಚೀಲದಿಂದ ಹಾಳೆಗಳನ್ನು ತೆಗೆದಳು. ಅವಳಿಗೆ ಇನ್ನೇನು ಮಾಡಬೇಕೋ ತಿಳಿಯಲಿಲ್ಲ. ಗೆರೆ ಹಳದಿಯಾದ ದಿನದಿಂದ ಓದತೊಡಗಿದಳು.

"ಜೂನ್ ಮೂರು, ಆರು ಸರತಿ. ಜೂನ್ ನಾಲ್ಕು, ಆರು ಸರತಿ. ಜೂನ್ ಐದು, ಏಳು."

ಮೊದಮೊದಲು ಬೆರಳುಗಳು ಓಡುತ್ತಲೇ ಇದ್ದವು. ಒಬ್ಬಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು. ಪಕ್ಕದವಳು ನಿಲ್ಲಿಸಿದಳು. ಮಂದಾಕಿನಿ ಓದುತ್ತಾ ಹೋದಳು. ಜೂನ್ ಹದಿನೇಳು, ಒಂಬತ್ತು. ಜೂನ್ ಹದಿನೆಂಟು, ಹತ್ತು.

"ಜೂನ್ ಇಪ್ಪತ್ತಮೂರು, ಹನ್ನೊಂದು ಸರತಿ."

"ತಡೀರಿ," ಎಂದಳು ಗುರುಸಿದ್ದವ್ವ. "ಅವತ್ತ ಐತವಾರ. ನನ್ನ ಬಸರ ಮಗಳ ಕುಬಸ ಇತ್ತು. ಅಕಿ ನಡುನಡುವ ಎದ್ದ ಹಿತ್ತಲಕ್ಕ ಹೋಗತಿದ್ಲು. ಪಾತ್ರಿ ತಿಕ್ಕೂದು ಬರ್ತೈತಂತ ತಪ್ಪಿಸಿಕೊಂಡ್ಲು ಅಂತ ನಾ ಎಲ್ಲಾರ ಮುಂದ ಆಡೀನಿ." ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದನ್ನು ಸರಿಸಿ, "ಓದ್ರಿ" ಎಂದಳು.

ಮಂದಾಕಿನಿ ನಲವತ್ತನಾಲ್ಕು ದಿನಗಳನ್ನೂ ಓದಿದಳು. ಬಾಗಿಲಲ್ಲಿ ಮಾಲೀಕ ಬಂದು ನಿಂತ. ಯಾರೂ ಅವನತ್ತ ತಿರುಗಲಿಲ್ಲ.

"ಜುಲೈ ಹದಿನಾರು," ಎಂದು ಕೊನೆಯ ಹಾಳೆ ತಿರುವಿದಳು. "ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ, ನಾಲ್ಕು ಸರತಿ. ಅವತ್ತು ಹತ್ತು ಗಂಟೆಗೆ ನಾನು ಬಳಿ ಇಸಕೊಂಡು ಹೋದೆ."

ಗುರುಸಿದ್ದವ್ವ ಎದ್ದು ಬಂದು ಹಾಳೆಗಳನ್ನು ಕೈಗೆ ತೆಗೆದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಅಕಿ ಹೆಸರ ಎಲ್ಲೈತಿ, ತೋರಿಸ್ರಿ."

ಹಾಳೆಯ ಮೇಲೆ ಹೆಸರಿರಲಿಲ್ಲ. ಒಂದು ಸಂಖ್ಯೆ ಇತ್ತು. ಮಂದಾಕಿನಿ ಪೆನ್ನು ತೆಗೆದು, ಆ ಸಂಖ್ಯೆಯನ್ನು ಹೊಡೆದುಹಾಕಿ, ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದಳು. ಗುರುಸಿದ್ದವ್ವ ಅದರ ಮೇಲೆ ಕೆಂಪು ಹತ್ತಿದ ಬೆರಳನ್ನು ಒಂದು ಸಲ ಎಳೆದಳು. ಆಮೇಲೆ ಹಾಳೆಗಳನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು, ಅರ್ಧಕ್ಕೆ ಬಿಟ್ಟ ಕೆಲಸವನ್ನು ಹಾಗೇ ಬಿಟ್ಟು, ಶಾವಂತ್ರಿಯ ಮನೆಯ ಕಡೆ ಹೊರಟಳು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು.